ಪಾಳಿ ಹಚ್ಚಿದ ಎಡಿಟರ್

ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಸೇರಿದ ದಿನ ನಿಮ್ಮ ಕೈಗೆ ಬರುವುದು ಒಂದು ಕೀಲಿಕೈ ಗೊಂಚಲು, ಒಂದು ದಪ್ಪ ಸ್ಟಾಕ್ ರಜಿಸ್ಟರು, ಮತ್ತೆ ಹಿಂದಿನವರು ಬಿಟ್ಟುಹೋದ ಅರ್ಧ ಡಬ್ಬಿ ಸ್ಕ್ರೂ. ಪಾಠ ಹೇಳುವವರು ಲೆಕ್ಚರರು. ನೀವು ಲ್ಯಾಬ್ ನೋಡಿಕೊಳ್ಳುವವರು. ಪ್ರಿಂಟರ್ ಕೆಟ್ಟರೆ, ಮೌಸ್ ಕಳೆದರೆ, ಪ್ರಿನ್ಸಿಪಾಲರ ಮನೆಯ ಕಂಪ್ಯೂಟರಿಗೆ ವೈರಸ್ ಹತ್ತಿದರೆ ನಿಮ್ಮನ್ನೇ ಕರೆಯುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಇನ್‌ಸ್ಟ್ರಕ್ಟರ್ ಆಗಿ ಸೇರಿ, ಇನ್‌ಸ್ಟ್ರಕ್ಟರ್ ಆಗಿಯೇ ಸ್ವಯಂನಿವೃತ್ತಿ ತೆಗೆದುಕೊಂಡವಳು. ಹಾಗಾಗಿ ಬಡ್ತಿಯ ವಿಷಯ ಬರೆಯಲು ನನ್ನಲ್ಲಿ ಏನೂ ಇಲ್ಲ. ಲ್ಯಾಬಿನ ವಿಷಯ ಮಾತ್ರ ಬಹಳ ಇದೆ.

ನನ್ನ ಮನೆ ಚಿಕ್ಕೋಡಿಯಲ್ಲಿ. ಕಾಲೇಜು ರಾಯಬಾಗದ ಕಡೆ. ಇಪ್ಪತ್ತು ವರ್ಷ ಅದೇ ಬೆಳಗಿನ ಬಸ್ಸು. ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಆಮೆಯಾಗುತ್ತಿತ್ತು. ನಾನು ತಡವಾದ ದಿನ ಸಿದ್ರಾಮ ಮಾಮಾ ಲ್ಯಾಬ್ ತೆರೆದಿಟ್ಟಿರುತ್ತಿದ್ದರು. ಅವರು ನಮ್ಮ ಸಿಪಾಯಿ, ಅಂದರೆ ಜವಾನ. ನಾನು ಹಳೆಯ ಸೀರೆಗಳಿಂದ ಹೊಲಿದು ತಂದ ಮುಸುಕುಗಳನ್ನು ಒಂದೊಂದಾಗಿ ತೆಗೆದು, ಮಡಚಿ, ಒಂದೊಂದು ಕೀಬೋರ್ಡನ್ನೂ ಒರೆಸುವುದು ಅವರ ಮೊದಲ ಕೆಲಸ. ರಜಿಸ್ಟರಿನಲ್ಲಿ ಇಪ್ಪತ್ತೆರಡು ಕಂಪ್ಯೂಟರುಗಳಿದ್ದವು. ಗುಂಡಿ ಒತ್ತಿದರೆ ಏಳುತ್ತಿದ್ದವು ಹನ್ನೊಂದು. ಆದ್ದರಿಂದ ಒಂದು ಕಂಪ್ಯೂಟರಿಗೆ ಇಬ್ಬರು. ಮೊದಲ ದಿನ ಯಾರು ಯಾರ ಪಕ್ಕ ಕೂತರೋ ಮೂರು ವರ್ಷವೂ ಅದೇ ಜೋಡಿ.

ಸೇರಿದ ಹೊಸದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ತಪಾಸಣೆಯವರು ಬರುತ್ತಾರೆಂದು ಎಲ್ಲ ಕಂಪ್ಯೂಟರುಗಳನ್ನೂ ‘ಸ್ವಚ್ಛ’ ಮಾಡಿಟ್ಟೆ. ಮರುದಿನ ಹುಡುಗರು ಬಂದು ನೋಡಿದರೆ ಇಡೀ ಸೆಮಿಸ್ಟರಿನ ಪ್ರೋಗ್ರಾಂಗಳು ಮಾಯ. ಉಗಾರದ ಕಡೆಯ ಒಬ್ಬ ಹುಡುಗ ತಣ್ಣಗೆ ಅಂದ: “ಮೇಡಂ, ಕಬ್ಬ ಕಡದ ಮ್ಯಾಲ ರವದಿ ಸುಡ್ತಾರ್ರಿ. ನೀವು ನಿಂತ ಕಬ್ಬಿಗೇ ಬೆಂಕಿ ಹಚ್ಚಿದ್ರಲ್ರಿ.” ರವದಿ ಎಂದರೆ ಕಬ್ಬಿನ ಒಣ ಸೋಗೆ. ಅವತ್ತಿನಿಂದ ಕೇಳದೆ ಯಾರ ಒಂದು ಫೈಲನ್ನೂ ಅಳಿಸಲಿಲ್ಲ. ಆದರೆ ಅದು ಕಣ್ಣಿಗೆ ಕಂಡ ತಪ್ಪು. ಕಾಣದೆ ಮಾಡಿದ ತಪ್ಪು ಬೇರೆ ಇತ್ತು. ಅದನ್ನೇ ಇಲ್ಲಿ ಬರೆಯಬೇಕೆಂದಿರುವೆ.

ಆಗ ನಮ್ಮಲ್ಲಿ ಕಲಿಸುವ ರೀತಿ ಹೀಗಿತ್ತು: ಮ್ಯಾನ್ಯುಅಲ್‌ನಲ್ಲಿರುವ ಪ್ರೋಗ್ರಾಂ ನೋಡಿ ಟೈಪ್ ಮಾಡು, ಓಡಿಸು, ಪ್ರಿಂಟ್ ತೆಗೆ, ರೆಕಾರ್ಡ್ ಪುಸ್ತಕಕ್ಕೆ ಅಂಟಿಸು. ಹತ್ತು ಸಾಲಿನದು, ಇಪ್ಪತ್ತು ಸಾಲಿನದು. ಅದಕ್ಕಿಂತ ದೊಡ್ಡ ಪ್ರೋಗ್ರಾಂ ಹೇಗಿರುತ್ತದೆಂದು ಹುಡುಗರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀಲಿ ಪರದೆಯಲ್ಲಿ ಸಿ ಭಾಷೆ ಬರೆಯುತ್ತಿದ್ದ ಹಳೆಯ ವ್ಯವಸ್ಥೆ ಹೋಗಿ ಲಿನಕ್ಸ್ ಬಂದ ಮೇಲೆ, ಒಂದು ರಜೆಯಲ್ಲಿ ನನಗೆ ಇಂಟರ್ನೆಟ್ಟಿನಲ್ಲಿ ಒಂದು ಪುಟ್ಟ ಟೆಕ್ಸ್ಟ್ ಎಡಿಟರ್ ಸಿಕ್ಕಿತು. ಅಕ್ಷರ ಟೈಪ್ ಮಾಡಿ, ತಿದ್ದಿ, ಉಳಿಸಿಕೊಳ್ಳುವ ಸಾಧನ, ಅಷ್ಟೇ. ಸಿ ಭಾಷೆಯಲ್ಲಿ ಒಂದೇ ಫೈಲು, ಸುಮಾರು ಸಾವಿರ ಸಾಲು. ಓಪನ್ ಸೋರ್ಸ್: ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದ್ದು ಸೇರಿಸಬಹುದು. ಹೊಲಿಗೆ ಕಲಿಯುವವರಿಗೆ ಹಳೆಯ ರವಿಕೆ ಬಿಚ್ಚಿ ತೋರಿಸುತ್ತಾರಲ್ಲ, ಹಾಗೆ ಬಿಚ್ಚಲು ತಕ್ಕದ್ದು ಅನ್ನಿಸಿತು.

ಇಡೀ ಎಡಿಟರನ್ನು ಪ್ರಿಂಟ್ ತೆಗೆದು, ಲ್ಯಾಬಿನ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪುಗಳಿಂದ ಪುಟಗಳನ್ನು ಸಾಲಾಗಿ ತೂಗುಹಾಕಿದೆ. ನಮ್ಮ ವಿಭಾಗದ ಮುಖ್ಯಸ್ಥರು ಪಾಟೀಲ ಸರ್ ಬಂದವರೇ ಬಾಗಿಲಲ್ಲಿ ನಿಂತರು.

“ಅಹೋ ಮೇಡಂ, ಏನ್ರಿ ಇದು? ಲ್ಯಾಬ್ ಹೋಗಿ ಮನಿ ಹಿತ್ತಲ ಆಗೇತಲ್ರಿ! ಇದು ಸಿಲಬಸ್‌ದಾಗ ಐತೇನು?”

“ಇಲ್ರಿ ಸರ್.”

“ಪರೀಕ್ಷಾದಾಗ ಬರ್ತೈತಿ?”

“ಬರೂದಿಲ್ರಿ.”

“ಮತ್ಯಾಕ?”

“ಬ್ಯಾರೇದವ್ರು ಬರದ ಒಂದು ಪ್ರೋಗ್ರಾಂ ತುದಿ ಮುಟ್ಟ ಓದಿದವ್ರು ನಮ್ಮ ಲ್ಯಾಬಿನ್ಯಾಗ ಒಬ್ರೂ ಇಲ್ರಿ ಸರ್. ನಾನೂ ಓದಿಲ್ಲ.”

ಅವರು ಕೈ ಹಿಂದೆ ಕಟ್ಟಿಕೊಂಡು ಮೊದಲ ಪುಟ ಓದಿದರು. ಎರಡನೆಯದನ್ನೂ ಓದಿದರು. “ಮಂಗಳವಾರ ಅಷ್ಟ. ಕಡೇ ತಾಸು ಅಷ್ಟ,” ಅಂದು ಹೋದರು.

ಆ ವರ್ಷದ ಐದನೇ ಸೆಮಿಸ್ಟರಿನಲ್ಲಿ ಮಾಯಕ್ಕ ಎಂಬ ಹುಡುಗಿ ಇದ್ದಳು. ರಾಯಬಾಗದ ಆಚೆಯ ಒಂದು ಹಳ್ಳಿಯವಳು. ಮನೆಯಲ್ಲಿ ಕುರಿ, ಜತೆಗೆ ಒಂದಿಷ್ಟು ಹೊಲ. ಅವಳ ಜೋಡಿ ಶಬಾನಾ ಕುಡಚಿಯವಳು. ಕಾಲೇಜಿಗೆ ಬರುವ ಮೊದಲೇ ಟೈಪಿಂಗ್ ಕ್ಲಾಸಿಗೆ ಹೋಗಿದ್ದಳು, ಅವಳ ಬೆರಳು ಓಡಿದರೆ ಆಲಿಕಲ್ಲು ಬಿದ್ದ ಸಪ್ಪಳ. ಇಬ್ಬರೂ ಏಳನೇ ನಂಬರಿನ ಕಂಪ್ಯೂಟರಿನಲ್ಲಿ. ಇಬ್ಬರದೂ ಡಬ್ಬಿ ಒಂದೇ ಬೆಂಚಿನ ಮೇಲೆ ತೆರೆಯುತ್ತಿತ್ತು.

ಮಾಯಕ್ಕ ಬರೆಯುವ ಪರೀಕ್ಷೆಗಳಲ್ಲೆಲ್ಲ ಪಾಸು. ಆದರೆ ಮೊದಲ ವರ್ಷದ ಸಿ ಪ್ರಾಕ್ಟಿಕಲ್ ಮಾತ್ರ ಉಳಿದುಕೊಂಡಿತ್ತು. ಎರಡು ಸಲ ಫೇಲು. ಮುಂದಿನದು ಹಳೆಯ ಸಿಲಬಸ್ಸಿನ ಕಡೆಯ ಪರೀಕ್ಷೆ. ಅದರಲ್ಲೂ ಹೋದರೆ ಹೊಸ ಸಿಲಬಸ್ಸಿಗೆ ಸೇರಿ ಆ ವರ್ಷವನ್ನೇ ಮತ್ತೆ ಓದಬೇಕು. ಮತ್ತೊಂದು ವರ್ಷ ಓದಿಸುವ ಮನೆ ಅದಲ್ಲ. ಡಿಪ್ಲೊಮಾ ಅಲ್ಲಿಗೇ ನಿಲ್ಲುತ್ತಿತ್ತು.

“ಉತ್ತರಾ ಎಲ್ಲಾ ಬರ್ತಾವ, ಕಂಪ್ಯೂಟರ್ ಮುಂದ ಕುಂತ್ರ ಕಲ್ಲ ಆಗ್ತಾಳ,” ಎಂದು ಪಾಟೀಲ ಸರ್ ಹೇಳಿದರು. ಭಯ ಇರಬೇಕು ಅಂದುಕೊಂಡೆ. ಸಂಜೆ ಲ್ಯಾಬ್ ಮುಚ್ಚುವಾಗ ಸಿದ್ರಾಮ ಮಾಮಾ ಮುಸುಕು ಹಾಕುತ್ತ ಹಾಕುತ್ತ ಅಂದರು: “ಬಾಯಾರ, ಒಂದ ಮಾತ ಹೇಳ್ಲ್ಯಾ? ಸಿಟ್ಟ ಆಗಬ್ಯಾಡ್ರಿ.”

“ಹೇಳ್ರಿ ಮಾಮಾ.”

“ಹನ್ನೊಂದೂ ಕೀಬೋರ್ಡ ದಿನಾ ನಾ ಒರಸ್ತೇನ್ರಿ. ಯಾರ ಕೈ ಎಲ್ಲಿ ಆಡ್ತಾವು ನನಗ ಗೊತ್ತು. ಆ ಏಳನೇದರ ಮ್ಯಾಲ ಒಂದ ಜೋಡಿ ಕೈ ಆಡ್ತಾವ್ರಿ. ಆ ಮಾಯಕ್ಕನ ಕೈ ಅದರ ಮ್ಯಾಲ ನಾ ಎಂದೂ ನೋಡಿಲ್ಲ.”

ಎರಡು ವರ್ಷ ನಾನು ಅವಳ ಹಾಜರಿ ಹಾಕಿದ್ದೆ. ಅವಳ ರೆಕಾರ್ಡ್ ಪುಸ್ತಕಕ್ಕೆ ಸಹಿ ಮಾಡಿದ್ದೆ. ಪರದೆ ನೋಡಿದ್ದೆನೇ ಹೊರತು ಕೈ ನೋಡಿರಲಿಲ್ಲ.

ಮರುದಿನ ಊಟದ ವೇಳೆಯಲ್ಲಿ ಅವಳೊಬ್ಬಳನ್ನೇ ಕೂರಿಸಿ, ನಿನ್ನ ಹೆಸರು ಟೈಪ್ ಮಾಡು ಅಂದೆ. ಬೆರಳು ಗಾಳಿಯಲ್ಲೇ ಸುತ್ತಿ ಸುತ್ತಿ ‘ಎಂ’ ಹುಡುಕಿತು. ‘ಎ’ ಸಿಕ್ಕಿತು. ಅಲ್ಲಿಗೆ ಕೈ ಹಿಂದೆ ಸರಿದು ಮಡಿಲಿಗೆ ಬಂತು.

“ಯಾಕ ಮಾಯಕ್ಕ? ಎರಡು ವರ್ಷ ಆತು. ಒಂದ ಸಲಾನೂ ಶಬಾನಾಗ ಬಾಜೂಕ ಸರಿ ಅನ್ನಲಿಲ್ಲ?”

ಅವಳು ದೂರು ಹೇಳುವ ದನಿಯಲ್ಲಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವ ದನಿಯಲ್ಲಿ ಹೇಳಿದಳು: “ಫಸ್ಟ್ ಸೆಮಿಸ್ಟರ್‌ದಾಗ ಒಮ್ಮೆ ಇದು ಬಂದ್ ಬಿತ್ತಲ್ರಿ. ನಾ ಏನೋ ಒತ್ತಿದ್ದೆ. ಅವತ್ತ ನೀವ ಅಂದ್ರಿ, ‘ಮಾಯಕ್ಕ, ನೀ ಮುಟ್ಟಬ್ಯಾಡ, ಶಬಾನಾ ಮಾಡ್ಲಿ, ನೀ ನೋಡ್ಕೊಂತ ಕೂಡ್ರು’ ಅಂತ. ನೋಡ್ಕೊಂತ ಕುಂತೇನ್ರಿ.”

ನನಗೆ ಆ ದಿನವೇ ನೆನಪಿರಲಿಲ್ಲ. ಅಂಥ ಮಾತನ್ನು ಎಷ್ಟು ಜನರಿಗೆ ಅಂದಿದ್ದೆನೋ. “ನಂದ ತಪ್ಪಾತವಾ,” ಅಂದೆ. ಅವಳು ಗಾಬರಿಯಾಗಿ ಎದ್ದು ನಿಂತು, “ಹಂಗ್ಯಾಕ ಅಂತೀರಿ ಮೇಡಂ,” ಅಂದು ಓಡಿಹೋದಳು.

ಮಂಗಳವಾರ ಎಡಿಟರ್ ಕೆಲಸ ಶುರುವಾಯಿತು. ಒಂದೊಂದು ಜೋಡಿ ಒಂದೊಂದು ಹೊಸ ಸೌಕರ್ಯ ಸೇರಿಸಬೇಕು. ಒಬ್ಬರು ಸಾಲಿನ ನಂಬರು ಅಂದರು, ಇನ್ನೊಬ್ಬರು ಬಣ್ಣ ಅಂದರು. ಶಬಾನಾ ಬಾಯಿ ತೆರೆಯುವ ಮೊದಲೇ ನಾನು ಮಾಯಕ್ಕನನ್ನು ಕೇಳಿದೆ. ಅವಳು ಗೋಡೆಯ ಪುಟಗಳ ಕಡೆ ನೋಡುತ್ತ ಅಂದಳು: “ಪಾಳಿ ಹಚ್ಚಾಕ ಬರ್ತೈತೇನ್ರಿ ಇದಕ್ಕ?”

“ಎಂಥಾ ಪಾಳಿ?”

“ನೀರಿನ ಪಾಳಿರಿ. ನಮ್ಮಪ್ಪ, ಇಬ್ಬರು ಕಾಕಾಗೋಳು, ಮೂರೂ ಮಂದಿಗಿ ಒಂದ ಬಾವಿ, ಒಂದ ಮೋಟರ್. ಇಂಥಾವ್ರು ಇಷ್ಟ ತಾಸು ಅಂತ ಪಾಳಿ ಐತ್ರಿ. ಇಲ್ಲಂದ್ರ ದೊಡ್ಡ ಕಾಕಾ ಒಬ್ಬಾವನ ಹಾಯಿಸಿಕೊಂಡ ಕೂಡ್ತಿದ್ದ.”

ಶಬಾನಾ ತಿರುಗಿದಳು. “ಅಂದ್ರ ನಾ ದೊಡ್ಡ ಕಾಕಾ ಏನಬೇ?”

“ಹೌದಬೇ,” ಅಂದಳು ಮಾಯಕ್ಕ.

ಇಡೀ ಲ್ಯಾಬ್ ನಕ್ಕಿತು. ಶಬಾನಾಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಮಾತ್ರ ಅವಳ ಮುಖ ಸಣ್ಣದಾಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅದರ ಮೇಲೆ ಕೂತಳು. “ನೀನ ಹೊಡಿ. ನಾ ಮುಟ್ಟೂದಿಲ್ಲ.”

ಈ ಎಡಿಟರಿನಲ್ಲಿ ಕೀಬೋರ್ಡಿನ ಎಲ್ಲ ಕೀಲಿಗಳೂ ಬಂದು ಸೇರುವ ಒಂದು ಜಾಗವಿದೆ. ಯಾವ ಕೀಲಿ ಒತ್ತಿದರು, ಅದಕ್ಕೆ ಏನು ಮಾಡಬೇಕು ಎಂದು ಅಲ್ಲಿ ತೀರ್ಮಾನವಾಗುತ್ತದೆ. ಮಾಯಕ್ಕ ಗೋಡೆಯ ಮುಂದೆ ಎರಡು ದಿನ ನಿಂತು ಆ ಪುಟ ಹುಡುಕಿದಳು. ಅಲ್ಲಿಯೇ ತೂಬು ಇಡಬೇಕು ಅಂದಳು. ಹತ್ತು ನಿಮಿಷ ಒಬ್ಬರ ಪಾಳಿ. ಮುಗಿದ ಮೇಲೆ ಆ ಕೈಯ ಕೀಲಿ ಯಾವುದೂ ಒಳಗೆ ಹೋಗಬಾರದು. ಇನ್ನೊಬ್ಬರು ತಮ್ಮ ಹೆಸರು ಬರೆದರೆ ಮಾತ್ರ ತೆರೆಯಬೇಕು. ಆಡಿಸಿ ನೋಡಿದ ಮೊದಲ ದಿನವೇ ಹುಡುಗರು ಜೋಡಿಯ ಹೆಸರು ತಾವೇ ಬರೆದು ಮೋಸ ಮಾಡಿದರು. ಅದಕ್ಕೆ ಒಬ್ಬೊಬ್ಬರಿಗೂ ಒಂದು ಗುಟ್ಟಿನ ಪದ ಇಟ್ಟಳು. ನಡುವೆ ಕರೆಂಟ್ ಹೋದರೆ? “ಲೈಟ್ ಹೋದ್ರ ಪಾಳಿ ಸಾಯೂದಿಲ್ರಿ, ಬಂದ ಮ್ಯಾಲ ಉಳಿದ ನಿಮಿಷ ಅವ್ರದ,” ಅಂದಳು. ಉಳಿದ ನಿಮಿಷ, ಜೋಡಿಯ ಹೆಸರು, ಗುಟ್ಟಿನ ಪದ ಎಲ್ಲವನ್ನೂ ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುವಂತೆ ಮಾಡಿದೆವು.

ನಲವತ್ತು ಸಾಲು ಟೈಪ್ ಮಾಡಲು ಮಾಯಕ್ಕನಿಗೆ ಮೂರು ಮಂಗಳವಾರ ಬೇಕಾಯಿತು. ಒಂದೊಂದು ಅಕ್ಷರಕ್ಕೂ ಬೆರಳು ಊರು ಸುತ್ತಿ ಬರುತ್ತಿತ್ತು. ಪಕ್ಕದಲ್ಲಿ ಕೈಯ ಮೇಲೆ ಕೂತ ಶಬಾನಾಗೆ ತಡೆದುಕೊಳ್ಳುವುದು ಕಷ್ಟ.

“ಲೇ, ಸೆಮಿಕೋಲನ್ ಎಲ್-ನ ಬಾಜೂಕ ಐತಿ...”

“ಬಾಯಿ ಮುಚ್ಚಬೇ. ನಾ ಹುಡುಕ್ತೇನಿ.”

“ಕಾಣಾಕತ್ತೈತಿ, ಹೇಳಬಾರದ?”

“ನಿನಗ ಕಾಣಾಕತ್ತೈತಿ. ನನಗ ಕಾಣಬೇಕು.”

ನಾನು ದೂರದಲ್ಲಿ ಸ್ಟಾಕ್ ರಜಿಸ್ಟರ್ ತೆರೆದುಕೊಂಡು, ಏನೂ ಬರೆಯದೆ ಕೂತಿರುತ್ತಿದ್ದೆ.

ಎಡಿಟರ್ ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಎಂದರೆ ನಾನು ಅದನ್ನು ಹನ್ನೊಂದೂ ಕಂಪ್ಯೂಟರಿಗೆ ಹಾಕಿದೆ. ಲ್ಯಾಬಿನ ಸಪ್ಪಳವೇ ಬದಲಾಯಿತು. ಎರಡು ವರ್ಷ ಬರೀ ನೋಡಿದ್ದವರು ಮಾಯಕ್ಕನೊಬ್ಬಳೇ ಅಲ್ಲ ಎಂದು ಆಗ ತಿಳಿಯಿತು. ಇನ್ನೂ ನಾಲ್ಕೈದು ಜನ ಕೀಲಿ ಹುಡುಕುತ್ತ ಬೆವರುತ್ತಿದ್ದರು.

ಒಂದು ದಿನ ಶಬಾನಾ ಬರಲಿಲ್ಲ, ಅವಳ ಅಕ್ಕನ ಮದುವೆ. ನಾನು ಆಫೀಸಿನಿಂದ ಒಂದು ತಾಸು ಬಿಟ್ಟು ಬಂದು ನೋಡಿದರೆ ಮಾಯಕ್ಕ ಕೈ ಕಟ್ಟಿಕೊಂಡು ಕೂತಿದ್ದಾಳೆ. ಪರದೆಯ ಕೆಳಗೆ ‘ಪಾಳಿ: ಶಬಾನಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತಿದೆ.

“ಅಕಿ ಗುಟ್ಟಿನ ಪದ ಗೊತ್ತಿಲ್ಲೇನ ನಿನಗ?”

“ಗೊತ್ತೈತ್ರಿ. ಹೇಳ್ಯಾಳ.”

“ಮತ್ತ?”

“ಅಕಿ ಪಾಳಿ ಐತ್ರಿ. ಇಲ್ಲದವ್ರ ನೀರ ಹೆಂಗ ತಗೊಳ್ಳೂದ್ರಿ?”

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೇರೆ ಕಂಪ್ಯೂಟರಿಗೆ ಕೂರಿಸಿ ಮುಂದೆ ಹೋದೆ. ಬಾರದವರ ಪಾಳಿಯನ್ನು ದಾಟಿಸುವ ದಾರಿಯೇ ಇದರಲ್ಲಿ ಇಲ್ಲವಲ್ಲ ಎಂದು ಅಂದೇ ನನಗೆ ಹೊಳೆಯಬೇಕಿತ್ತು. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರ ಮನೆಯಲ್ಲೂ ಪಾಳಿಯ ಬಾವಿ ಇತ್ತು. ಊರಿಗೆ ಹೋದವರ ನೀರನ್ನು ಮುಟ್ಟುವವರು ಯಾರೂ ಇರಲಿಲ್ಲ.

ಆ ವಾರದಲ್ಲೇ ಒಳಪರೀಕ್ಷೆ ಬಂತು. ಪರೀಕ್ಷೆಯಲ್ಲಿ ಒಂದು ಕಂಪ್ಯೂಟರಿಗೆ ಒಬ್ಬರೇ. ಹನ್ನೊಂದು ಜನ ಒಳಗೆ, ಅವರ ಜೋಡಿಗಳು ಎರಡನೇ ತಂಡ, ಮಧ್ಯಾಹ್ನಕ್ಕೆ. ನಾನು ಬೆಳಿಗ್ಗೆಯೇ ಹಳೆಯ ಪಾಳಿಗಳನ್ನೆಲ್ಲ ಅಳಿಸಿ, ಒಳಗಿದ್ದವರ ಪಾಳಿಯೇ ಮೊದಲು ಬರುವಂತೆ ಮಾಡಿ ಹೆಮ್ಮೆಯಿಂದ ನಿಂತಿದ್ದೆ. ಸರಿಯಾಗಿ ಹತ್ತು ನಿಮಿಷಕ್ಕೆ ಒಂದು ಕೀಬೋರ್ಡ್ ನಿಂತಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಹನ್ನೊಂದೂ ನಿಂತವು. ಹನ್ನೊಂದೂ ಪರದೆಗಳು ಊರಿನಲ್ಲೆಲ್ಲೋ ಇರುವ ಜೋಡಿಗಳ ಗುಟ್ಟಿನ ಪದ ಕೇಳುತ್ತಿದ್ದವು. ಬರೆದದ್ದನ್ನು ಉಳಿಸುವ ಕೀಲಿಯನ್ನೂ ನಾವು ಮುಚ್ಚಿಬಿಟ್ಟಿದ್ದೆವು. ಎಡಿಟರ್ ಮುಚ್ಚಿದರೆ ಹುಡುಗರು ಬರೆದದ್ದೆಲ್ಲ ಹೋಗುತ್ತಿತ್ತು.

ಪಾಟೀಲ ಸರ್ ಬಂದರು. ಒಂದು ಸುತ್ತು ಹಾಕಿದರು.

“ಮೇಡಂ, ಇದು ಲ್ಯಾಬ್ ಐತೋ, ಬಾವಿ ಐತೋ?”

ಅಷ್ಟರಲ್ಲಿ ಏಳನೇ ನಂಬರಿನಿಂದ ಮಾಯಕ್ಕ ಎದ್ದು ನಿಂತಳು. “ಸರ್, ಯಾರೂ ಏನೂ ಒತ್ತಬ್ಯಾಡ್ರಿ. ಬಂದ್ ಮಾಡಬ್ಯಾಡ್ರಿ,” ಅಂದಳು. ಪುನಃ ಕೂತು, ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದಳು. ಆ ಚಿಕ್ಕ ಫೈಲನ್ನು ಹುಡುಕಿದಳು. ಪಾಳಿಯ ನಿಮಿಷ ಹತ್ತು ಇದ್ದದ್ದನ್ನು ಸಾವಿರ ಮಾಡಿದಳು. ಶಬಾನಾಳ ಗುಟ್ಟಿನ ಪದ ಗೊತ್ತಿದ್ದರೂ ಅದನ್ನು ಬಳಸದೆ, ಅಳಿಸಿ ತನ್ನದೊಂದು ಪದ ಬರೆದಳು. ಎಡಿಟರಿಗೆ ಮರಳಿ ಆ ಪದ ಕೊಟ್ಟಳು. ತೆರೆಯಿತು. ಬರೆದ ಸಾಲುಗಳು ಹಾಗೆಯೇ ಇದ್ದವು.

ಆಮೇಲೆ ಅವಳು ಎಂಟನೇ ನಂಬರಿಗೆ ಹೋದಳು. ಒಂಬತ್ತಕ್ಕೆ ಹೋದಳು. ಪ್ರತಿ ಸಲವೂ ಅಲ್ಲಿದ್ದವರನ್ನು “ಸ್ವಲ್ಪ ಸರಕೋರಿ” ಅಂದು ತಾನೇ ಕೂತಳು. ಎರಡೇ ಬೆರಳು. ನಿಧಾನ. ಆದರೆ ಒಂದು ಕಂಪ್ಯೂಟರಿನಲ್ಲೂ ಕೈ ಮಡಿಲಿಗೆ ಹೋಗಲಿಲ್ಲ. ಹನ್ನೊಂದನೆಯದು ತೆರೆದಾಗ ಪಾಟೀಲ ಸರ್ ಗಡಿಯಾರ ನೋಡಿ, “ಎಲ್ಲಾರಿಗೂ ಅರ್ಧಾ ತಾಸು ಹೆಚ್ಚಿಗಿ,” ಅಂದರು. ಹೋಗುವಾಗ ನನ್ನ ಹತ್ತಿರ ನಿಂತು ದನಿ ತಗ್ಗಿಸಿದರು: “ಕಂಪ್ಯೂಟರ್ ಮುಂದ ಕಲ್ಲ ಆಗ್ತಿದ್ಲಲ್ಲ, ಆ ಹುಡಗಿ ಇಕಿನ ಏನು?”

ಮರುದಿನ ಎಡಿಟರನ್ನು ತೆಗೆಯಬೇಕೆಂದು ಆದೇಶ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಬಾರದವರ ಪಾಳಿ ದಾಟಿಸುವ ಒಂದು ಕೀಲಿಯನ್ನು ಮಾಯಕ್ಕ ಮುಂದಿನ ಮಂಗಳವಾರ ಸೇರಿಸಿದಳು, ಮನಸ್ಸಿಲ್ಲದ ಮನಸ್ಸಿನಿಂದ.

ಕಡೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಬಾಕಿ ಉಳಿಸಿಕೊಂಡವರು ಆರು ಜನ. ಚೀಟಿ ಎತ್ತಬೇಕು, ಅದರಲ್ಲಿ ಬಂದ ಪ್ರೋಗ್ರಾಂ ಬರೆಯಬೇಕು. ಕೊನೆಗೆ ಎರಡು ಪ್ರಿಂಟು: ಮೊದಲು ಬರೆದ ಪ್ರೋಗ್ರಾಂ, ಆಮೇಲೆ ಅದು ಓಡಿ ಕೊಟ್ಟ ಉತ್ತರ. ಪ್ರೋಗ್ರಾಂ ತಪ್ಪಿದ್ದರೂ ಮೊದಲನೆಯದನ್ನು ತೆಗೆಯಬಹುದು. ಎರಡನೆಯದು ಓಡಿದರೆ ಮಾತ್ರ. ಹಿಂದಿನ ಎರಡು ಸಲವೂ ಮಾಯಕ್ಕನ ಎರಡನೇ ಹಾಳೆ ಬಂದಿರಲಿಲ್ಲ.

ಐದು ಜನ ಮುಗಿಸಿ ಹೋದರು. ಕಾಲು ತಾಸು ಉಳಿದಿತ್ತು. ನಾನು ಬಾಗಿಲ ಬಳಿ ನಿಂತಿದ್ದೆ. ಮಾಯಕ್ಕನ ಪರದೆಯ ಮೇಲೆ ತಪ್ಪಿನ ಸೂಚನೆ ಬಂತು. ಅವಳು ಪರದೆ ನೋಡಿದಳು, ಮತ್ತೆ ತಲೆ ಎತ್ತಿ ನನ್ನನ್ನು ನೋಡಿದಳು. ಏನೂ ಕೇಳುತ್ತಿರಲಿಲ್ಲ. ನನ್ನ ಮುಖದ ಮೇಲೆ ಸರಿಯೋ ತಪ್ಪೋ ಬರೆದಿದೆಯೇನೋ ಎಂದು ಓದುತ್ತಿದ್ದಳು. ನಾನು ಹೊರಗೆ ಬಂದುಬಿಟ್ಟೆ.

ವರಾಂಡದ ಮೆಟ್ಟಿಲ ಮೇಲೆ ಶಬಾನಾ ಕೂತಿದ್ದಳು. ಅವಳಿಗೆ ಅಂದು ಪರೀಕ್ಷೆ ಇರಲಿಲ್ಲ. ಆದರೂ ಕುಡಚಿಯಿಂದ ಬಂದಿದ್ದಳು.

“ಏನಾತ್ರಿ ಮೇಡಂ?”

“ಗೊತ್ತಿಲ್ಲವಾ.”

“ನೀವ್ಯಾಕ ಹೊರಗ ಬಂದ್ರಿ?”

“ನಾ ಒಳಗಿದ್ರ ಅಕಿ ನನ್ನ ಮಾರಿ ನೋಡ್ತಾಳ.”

ಸಿದ್ರಾಮ ಮಾಮಾ ಕಂಬಕ್ಕೊರಗಿ ನಿಂತಿದ್ದರು. ಪ್ರಿಂಟರಿನಿಂದ ಹಾಳೆ ಹರಿದು ಕೊಡುವುದು ಅವರ ಕೆಲಸ, ಆದರೆ ಅವರೂ ಒಳಗೆ ಹೋಗಲಿಲ್ಲ.

ಒಳಗೆ ಪ್ರಿಂಟರ್ ಕರ್ರೆಂದು ಶುರುವಾಯಿತು. ಬಹಳ ಹೊತ್ತು ಓಡಿತು.

“ಪ್ರೋಗ್ರಾಂ ಹೊಂಟೈತ್ರಿ,” ಅಂದಳು ಶಬಾನಾ, ಉಸಿರಿನಲ್ಲಿ.

ನಿಂತಿತು. ಮೌನ. ಒಂದು ಕೀಲಿ ಒತ್ತಿದ ಸಪ್ಪಳ. ತಡೆದು ಇನ್ನೊಂದು. ಶಬಾನಾ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ಮತ್ತೆ ಪ್ರಿಂಟರ್ ಕೂಗಿತು. ಮೂರು ಸಾಲಿನಷ್ಟು, ಅಷ್ಟೇ.

ಸಿದ್ರಾಮ ಮಾಮಾ ಟೋಪಿ ಸರಿಮಾಡಿಕೊಂಡು ಒಳಗೆ ಹೊರಟರು. ಬಾಗಿಲು ದಾಟುವ ಮೊದಲೇ ಒಳಗಿನಿಂದ ಮಾಯಕ್ಕನ ದನಿ ಕೇಳಿಸಿತು, ನಾವು ಮೂವರೂ ಇದ್ದಲ್ಲೇ ಉಳಿದೆವು:

“ಇರ್ಲಿ ಸರ್, ಹಾಳಿ ನಾನ ಹರಕೋತೇನ್ರಿ.”